ಕಟ್ಟೆ ಬಿಡದ ಶೇವಂತಕ್ಕ
ಬನಹಟ್ಟಿಯ ನೇಕಾರರ ಓಣಿಯ ಕಟ್ಟೆ ಬಿಟ್ಟು ಶೇವಂತಕ್ಕ ಪಕ್ಕದ ರಬಕವಿಯ ಮದುವೆಗೂ ಹೋದವಳಲ್ಲ. ಚಹಾ ಕೂಡ ಅವಳಿದ್ದಲ್ಲಿಗೇ ಬರಬೇಕು. ಕಳ್ಳನನ್ನು ಒಮ್ಮೆ ಕಂಡರೆ ಮರೆಯುವುದಿಲ್ಲ. ಅವನು ಮೀಸೆ ಬೋಳಿಸಿ ಬಂದರೂ ಗುರುತು ಹಿಡಿದು "ಲೇ, ಹ್ವಾದ ವರ್ಷ ಸೀರಿ ಕದ್ದಾಂವ ನೀನ ಅಲ್ಲೇನ?" ಎಂದು ಕೂಗಿದರೆ ಮಗ್ಗಗಳೆಲ್ಲ ನಿಂತು ಓಣಿಯೇ ಓಡಿ ಬರುತ್ತದೆ. ಮಗಳು ನೇತ್ರಾಳ ಎದೆಯಿಂದ ಕ್ಯಾನ್ಸರ್ ಗಡ್ಡೆ ತೆಗೆದ ಮೇಲೆ ಮಾತ್ರ, ಅದು ಮರಳಿ ಬಂದೀತೆಂಬ ಭಯಕ್ಕೆ ಶೇವಂತಕ್ಕನ ಬಾಯಿ ಕಟ್ಟಿತ್ತು. ನಿನ್ನೆ ಆಸ್ಪತ್ರೆಯಿಂದ ಬಂದ ನೇತ್ರಾ ನಕ್ಕಳು: "ಯವ್ವಾ, ರಕ್ತದಾಗ ತಿರುಗದ, ಮಾಂಸದಾಗನ ಮನಿ ಮಾಡಿ ಕುಂತು ರೋಗ ಕಾಯೂ ನೆನಪಿನ ಕಣ ಇರ್ತಾವಂತ. ಕ್ಯಾನ್ಸರಿನ ಗುರುತು ಹಿಡದು ರೋಗದ ಕೂಡ ಬಡದಾಡೂ ಉಳದ ಕಣಗೋಳನ್ನ ಕೂಗಿ ಕರಿತಾವಂತ, ಥೇಟ್ ನಿನ್ನಂಗ! ನನ್ನೊಳಗ ಭಾಳ ಅದಾವ, ಛಲೋ ಆತು ಅಂದ್ರು ಡಾಕ್ಟರು." ಶೇವಂತಕ್ಕ ಮೊದಲ ಸಲ ತಾನೇ ಎದ್ದುಹೋಗಿ ಎರಡು ಕಪ್ ಚಹಾ ತಂದಳು. "ಒಂದು ನಿನಗ. ಇನ್ನೊಂದು ಒಳಗ ಕಾವಲ ಕುಂತೋರಿಗೆ. ಪಾಪ, ಎದ್ದು ಹೋಗೂವಂಗಿಲ್ಲ, ಅವರಿಗೆ ಚಾ ಯಾರ ಕೊಡ್ತಾರ?"