ನಳದ ಮೇಲೊಂದು ವೇದಿಕೆ

"ತಾಯಂದಿರೇ, ಈ ಪೂರ್ಣಕುಂಭ ಸ್ವಾಗತಕ್ಕೆ ನಾನು ಚಿರಋಣಿ!" ಎಂದು ಅಭ್ಯರ್ಥಿ ಮೈಕ್ ಹಿಡಿದು ತಲೆಬಾಗಿದ. ಕೊಡ ಹಿಡಿದು ಸಾಲಾಗಿ ನಿಂತಿದ್ದ ನಾವು ಮುಖ ಮುಖ ನೋಡಿಕೊಂಡೆವು. ಕುರ್ಲಾದ ನಮ್ಮ ಚಾಳಿನ ಅಷ್ಟೂ ಮನೆಗಳಿಗೆ ಇರುವುದೊಂದೇ ನಳ. ಸಂಜೆ ಐದಕ್ಕೆ ನೀರು ಬಂದರೆ ಆರಕ್ಕೆ ನಿಂತುಹೋಗುತ್ತದೆ. ಆ ನಳವನ್ನೇ ಮುಚ್ಚಿ ಅವನ ಕಾರ್ಯಕರ್ತರು ವೇದಿಕೆ ಹಾಕಿಬಿಟ್ಟಿದ್ದರು.

ಅಭ್ಯರ್ಥಿಯೂ ನಮ್ಮ ಕನ್ನಡದವನೇ. ಗೆದ್ದರೆ ಹಗಲೂ ರಾತ್ರಿ ನೀರು ಬಿಡಿಸುತ್ತೇನೆಂದು ಕೊರೆಯುತ್ತಲೇ ಇದ್ದ. ಗಂಟೆ ಐದೂಮುಕ್ಕಾಲು. ಪಕ್ಕದ ಖೋಲಿಯ ನೀಲವ್ವನಿಗೆ ತಡೆಯಲಾಗಲಿಲ್ಲ.

"ಸಾಹೇಬ್ರ, ನೀವೇನೂ ನೀರು ಕೊಡಬ್ಯಾಡ್ರಿ. ನಳದ ಮ್ಯಾಲಿಂದ ಇಳದ್ರ ಸಾಕು!"

"ಕೇಳಿದಿರಾ ಈ ತಾಯಿಯ ಅಳಲು? ಪಾಲಿಕೆಯಲ್ಲಿ ಈ ದನಿ ಎತ್ತುತ್ತೇನೆ!" ಎಂದ ಪುಣ್ಯಾತ್ಮ ಇನ್ನರ್ಧ ಗಂಟೆ ಮಾತಾಡಿದ. ಚಪ್ಪಾಳೆ ಹೊಡೆದವರು ಅವನೇ ಟೆಂಪೋದಲ್ಲಿ ಕರೆತಂದವರು. ವೇದಿಕೆ ಬಿಚ್ಚಿ ನಳ ತಿರುಗಿಸಿದರೆ ಬರೀ ಗಾಳಿ ಬಂತು.

ಮರುವಾರ ಮನೆಮನೆಗೆ ಅವನ ಕರಪತ್ರ ಬಂತು. ಅದರಲ್ಲಿ ಖಾಲಿ ಕೊಡ ಹಿಡಿದ ನಮ್ಮದೇ ಫೋಟೋ, ಕೆಳಗೆ "ಪೂರ್ಣಕುಂಭ ಸ್ವಾಗತ" ಎಂಬ ಸಾಲು. ನೀಲವ್ವ ಅದನ್ನು ನಳದ ಹಿಂದಿನ ಗೋಡೆಗೆ ಅಂಟಿಸಿದ್ದಾಳೆ. ಓಟಿನ ದಿನದವರೆಗೆ ಯಾರೂ ಕೀಳಬಾರದಂತೆ.