ಬಾಗಿಲಿಗೆ ಬಂದವರ ಅಕ್ಕಿ

ತಪಸ್ಸುಕಾಲದ ಮೂರನೆಯ ಶುಕ್ರವಾರ ಬೆಳಿಗ್ಗೆ ಶಿರಸಿಯಲ್ಲಿ ಯಲ್ಲಾಪುರದ ಬಸ್ಸು ಹತ್ತಿದೆ. ಹೊಟ್ಟೆಯಲ್ಲಿ ನೀರು ಬಿಟ್ಟರೆ ಬೇರೇನೂ ಇರಲಿಲ್ಲ. ಯೇಸುಸ್ವಾಮಿ ನಲವತ್ತು ದಿನ ಹಸಿದಿದ್ದ ನೆನಪಿಗೆ ಈಸ್ಟರಿನ ತನಕ ನಮ್ಮಲ್ಲಿ ಉಪವಾಸ ಹಿಡಿಯುತ್ತಾರೆ. ಹನ್ನೆರಡು ವರ್ಷದಿಂದ ನಾನು ಒಂದು ಶುಕ್ರವಾರವನ್ನೂ ತಪ್ಪಿಸಿರಲಿಲ್ಲ. ಆ ಬಗ್ಗೆ ಸ್ವಲ್ಪ ಜಂಬವೂ ಇತ್ತು.

ಹೊರಟದ್ದು ಮಾತ್ರ ಉಪವಾಸ ಬಿಡಿಸಲು, ಅದೂ ನನಗೆ ಉಪವಾಸ ಕಲಿಸಿದ ಸಂತಾನ ಮಾಸ್ತರರದ್ದನ್ನು. ಎಪ್ಪತ್ತು ದಾಟಿದ, ಜ್ವರದಿಂದ ಈಗಷ್ಟೇ ಎದ್ದ ಜೀವ. ದಿನವೂ ಸಂಜೆಯವರೆಗೆ ಏನೂ ಮುಟ್ಟುತ್ತಿಲ್ಲ, ಮುದುಕರಿಗೆ ವಿನಾಯಿತಿ ಇದೆಯೆಂದು ಪಾದ್ರಿಗಳು ಹೇಳಿದರೂ ಕೇಳುತ್ತಿಲ್ಲ, ಹೀಗಾದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಹೇಳಿದ್ದಾರೆ ಎಂದು ಮಗಳು ರೋಜಿನಾ ಕಾಗದ ಬರೆದಿದ್ದಳು.

ಮಂಚಿಕೇರಿಯಲ್ಲಿ ಪಕ್ಕದ ಸೀಟಿನ ಅಮ್ಮ ಬಾಳೆಹಣ್ಣು ಕೊಡಲು ಬಂದರು. ಉಪವಾಸವೆಂದೆ.

"ಇವತ್ತು ಏಕಾದಶಿ ಅಲ್ವಲ?"

"ನಮ್ಮ ಕ್ರೈಸ್ತರದ್ದು, ಅಮ್ಮ."

"ಯಾರದ್ದಾದ್ರೆ ಎಂತ, ಹಣ್ಣಿಗೆ ಅಡ್ಡಿ ಇಲ್ಲೆ," ಎಂದು ಎರಡು ಹಣ್ಣು ನನ್ನ ಚೀಲಕ್ಕೆ ಹಾಕಿಯೇ ಬಿಟ್ಟರು.

ಮೂವತ್ತು ಮೈಲಿಯ ಧೂಳು ಕುಡಿದು ಇಳಿದಾಗ ಮಧ್ಯಾಹ್ನ. ಮನೆಯಲ್ಲಿ ಮಾಸ್ತರರು ಗೋಡೆಗೆ ಒರಗಿ ಕೂತಿದ್ದರು. ಸೊರಗಿದ ಆ ಕೈ ನೋಡಿ ನನಗೆ ಅಳು ಬಂತು.

"ಬಿಡ್ಸಲಿಕ್ಕೆ ಬಂದ್ಯಾ? ನೀನು ತಿಂದ್ಯಾ?"

"ಇಲ್ಲ."

"ಮತ್ತೆ ನಂಗೆ ಎಂತಕ್ಕೆ ಹೇಳ್ತಿ?"

ಒಲೆಯ ಪಕ್ಕ ಅದೇ ಹಳೆಯ ಗಡಿಗೆ ಕಂಡಿತು. ತಾವು ಬಿಟ್ಟ ಊಟದ ಅಕ್ಕಿಯನ್ನು ಅದರಲ್ಲಿ ಹಾಕಿಟ್ಟು, ಹಸಿದು ಬಾಗಿಲಿಗೆ ಬಂದವರಿಗೆ ಬೇಯಿಸಿ ಬಡಿಸುವುದು ಅವರ ಪದ್ಧತಿ. ಬಂದವರನ್ನು ಒಬ್ಬರನ್ನೇ ಉಣ್ಣಲು ಬಿಡಬಾರದು, ಮನೆಯವರೊಬ್ಬರು ಜೊತೆಗೆ ಉಣ್ಣಲೇಬೇಕು ಎಂದು ಕಲಿಸಿದವರೂ ಅವರೇ.

ಎದ್ದು ಚಪ್ಪಲಿ ಮೆಟ್ಟಿ ಹೊರಗೆ ಹೋಗಿ ಬಾಗಿಲಲ್ಲಿ ನಿಂತೆ.

"ಮಾಸ್ತರೇ, ಶಿರಸಿಯಿಂದ ಬಂದಿದ್ದೇನೆ. ಹಸಿವಾಗಿದೆ."

ಅವರು ಮಗಳ ಕಡೆ ತಿರುಗಿದರು. "ರೋಜಿನಾ, ಇವನ ಜೊತೆ ನೀನು ಕೂತ್ಕೋ."

"ನಂದು ಊಟ ಆಯ್ತಪ್ಪ," ಎಂದಳು. ಅವಳ ಅನ್ನದ ಪಾತ್ರೆ ಒಲೆಯ ಮೇಲೆ ಮುಚ್ಚಿದಂತೆಯೇ ಇತ್ತು.

ಎರಡು ಬಟ್ಟಲು ಗಂಜಿ ಬಂತು. ನಾನು ಮೊದಲು ಗುಟುಕರಿಸುವವರೆಗೆ ಅವರು ಕಾದರು. ಆಮೇಲೆ ಬಟ್ಟಲೆತ್ತಿ, "ಉಪ್ಪು ಸಾಕಾ ನಿಂಗೆ?" ಎಂದರು. ಬಸ್ಸಿನ ಅಮ್ಮನ ಹಣ್ಣನ್ನೂ ಒಂದೊಂದು ತಿಂದೆವು. ವ್ರತ ಮುರಿದ ಬೇಸರ ಬಂದೀತೆಂದು ಕಾದೆ, ಬರಲಿಲ್ಲ.

ಸಂಜೆಯ ಬಸ್ಸಿಗೆ ಹೊರಟಾಗ ನನಗೆ ನಾಳೆಯದೇ ಚಿಂತೆ. ಬೀದಿಯ ಮೂಲೆಯಲ್ಲಿ ತಿರುಗಿ ನೋಡಿದೆ. ರೋಜಿನಾ ರಸ್ತೆಯಲ್ಲಿ ಸೌದೆ ಹೊರೆಯ ಹೆಂಗಸೊಬ್ಬಳನ್ನು ನಿಲ್ಲಿಸಿಕೊಂಡು ಹೇಳುತ್ತಿದ್ದಳು: "ನಾಳೆ ಮಧ್ಯಾಹ್ನ ನಮ್ಮನೆ ಬಾಗಿಲಿಗೆ ಬಾರೇ. ಉಂಡು ಮಾತ್ರ ಬರಬೇಡ."