ದುಂಡಗೆ ಕೂತವರಿಗೆ ವೀಳ್ಯ

ಹೋದ ವರ್ಷ ಮಾಘದ ಒಂದು ಸೋಮವಾರ, ಮಧ್ಯಾಹ್ನ ಹನ್ನೆರಡಕ್ಕೆ ಸ್ವಲ್ಪ ಮೊದಲು, ಸಿರುಗುಪ್ಪದ ನನ್ನ ಅಕ್ಕನ ಮನೆಯ ಪಡಸಾಲೆಯಲ್ಲಿ, ಅಡುಗೆಮನೆ ಬಾಗಿಲಿಗೆ ಬೆನ್ನು ಮಾಡಿ ನಾನು ನಿಂತಿದ್ದೆ. ಕೈಯಲ್ಲಿ ವೀಳ್ಯದ ತಟ್ಟೆ. ಎದುರಿಗೆ ಜಮಖಾನದ ಮೇಲೆ ಏಳು ಜನ ದುಂಡಗೆ ಕೂತಿದ್ದರು.

ಅಕ್ಕನ ಮಗಳನ್ನು ಕುರುಗೋಡಿನ ಹುಡುಗನಿಗೆ ಕೊಡುವ ಮಾತು ಮುಗಿದಿತ್ತು. ಉಳಿದದ್ದು ಹಿರಿಯರಿಗೆ ವೀಳ್ಯ ಕೊಡುವುದು. ಹುಡುಗನ ತಂದೆಗೂ ಅವನ ದೊಡ್ಡಪ್ಪನಿಗೂ ಬಹುಕಾಲದಿಂದ ಮಾತಿರಲಿಲ್ಲ. ಮೊದಲ ವೀಳ್ಯ ಹುಡುಗನನ್ನು ಹೆತ್ತವನಿಗೆ ಎಂದು ತಮ್ಮ, ಮನೆಯ ಹಿರಿಯನಿಗೆ ಎಂದು ಅಣ್ಣ. ಹಿಂದೆ ಆ ಹುಡುಗನಿಗೆ ನೋಡಿದ್ದ ಒಂದು ಸಂಬಂಧ ವೀಳ್ಯದ ಹೊತ್ತಿಗೇ ಮುರಿದುಬಿದ್ದಿತ್ತು. ಆ ಚಿಂತೆಯಲ್ಲಿ ಅಕ್ಕನಿಗೆ ಊಟ ಸೇರುತ್ತಿರಲಿಲ್ಲ.

ದುಂಡಗೆ ಕೂರಿಸುವ ಯೋಚನೆ ಹುಡುಗಿಯದೇ. ನಾನು ಬಳ್ಳಾರಿಯಲ್ಲಿ ಪಿಯು ಮಕ್ಕಳಿಗೆ ಗಣಿತ ಹೇಳುತ್ತೇನೆ. ಅವಳು ಅಲ್ಲೇ ಗಣಿತದಲ್ಲಿ ಎಂ.ಎಸ್ಸಿ. ಓದಿದವಳು.

"ಸಾಲಾಗಿ ಕುಂತ್ರ ಒಂದು ತುದಿ ಇರತೈತಿ ಮಾಮ. ದುಂಡಕ್ಕ ತುದಿ ಎಲ್ಲೈತಿ?"

ಸರಿಯೇ. ಏಳು ಜನರನ್ನು ಸಾಲಿನಲ್ಲಿ ಐದು ಸಾವಿರದ ನಲವತ್ತು ಬಗೆಯಲ್ಲಿ ಕೂರಿಸಬಹುದು. ದುಂಡಗೆ ಏಳುನೂರ ಇಪ್ಪತ್ತೇ. ಎಲ್ಲರೂ ಒಂದೊಂದು ಜಾಗ ಸರಿದು ಕೂತರೂ ಯಾರ ಪಕ್ಕ ಯಾರು ಎಂಬುದು ಬದಲಾಗದು. ಅದರಲ್ಲಿ ಅಣ್ಣತಮ್ಮ ಅಕ್ಕಪಕ್ಕ ಬರುವ ಇನ್ನೂರ ನಲವತ್ತನ್ನು ಬಿಟ್ಟರೆ ನಾನೂರ ಎಂಬತ್ತು ಉಳಿಯುತ್ತವೆ.

"ನಮಗ ಒಂದು ಸಾಕು," ಎಂದು ನಕ್ಕಿದ್ದಳು.

ಆ ಒಂದು ಸಿಕ್ಕಿತ್ತು. ಆದರೆ ತಟ್ಟೆ ಹಿಡಿದು ನಾನು ಬಂದ ಕೂಡಲೇ ಎಲ್ಲರ ಕಣ್ಣು ನನ್ನ ಪಾದದ ಮೇಲೆ ಬಿದ್ದವು. ನಾನು ಯಾರ ಮುಂದೆ ಮೊದಲು ಬಗ್ಗುತ್ತೇನೋ ಅಲ್ಲೇ ದುಂಡಿಗೆ ತುದಿ ಹುಟ್ಟುತ್ತಿತ್ತು. ಅದನ್ನು ನಾವಿಬ್ಬರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

"ಯಾಕ್ರಿ ಮೇಷ್ಟ್ರ, ಕಾಲು ನೆಲಕ್ಕ ಅಂಟ್ಯಾವೇನು?" ದೊಡ್ಡಪ್ಪ ಕೇಳಿದರು.

"ದೊಡ್ಡೋರ್ನ ಹುಡುಕಾಕತ್ಯಾರ, ಪಾಪ," ಹುಡುಗನ ತಂದೆ ಗೋಡೆಗೆ ಹೇಳಿದರು. "ಸಿಕ್ಕ್ರ ನಮಗೂ ತೋರಸ್ಲಿ."

ದೊಡ್ಡಪ್ಪ ಶಲ್ಯ ಕೊಡವಿ, ಏಳಲು ನೆಲಕ್ಕೆ ಕೈ ಊರಿದರು.

"ಮಾಮ, ತಟ್ಟಿ ನಡುವ ಇಡ್ರಿ," ಬಾಗಿಲ ಹಿಂದಿನಿಂದ ಅವಳ ದನಿ ಬಂತು. "ಎಲ್ರೂ ಒಂದೊಂದು ತಗೊಂಡು ಬಲಗಡೆಯೋರಿಗೆ ಕೊಡ್ಲಿ. ಒಮ್ಮಿಗೇ."

ತನ್ನ ವೀಳ್ಯ ತಾನೇ ಎತ್ತಿಕೊಳ್ಳುವುದು ನಮ್ಮಲ್ಲಿ ಅವಮಾನ. ಇನ್ನೊಬ್ಬರಿಗೆಂದು ಎತ್ತಿದರೆ ಅಲ್ಲ. ದೊಡ್ಡಪ್ಪ ಏಳಲಿಲ್ಲ. ಎಲ್ಲರೂ ಎಡಗೈಯಲ್ಲಿ ಶಲ್ಯದ ಚುಂಗು ಹಿಡಿದು, ಬಲಗೈಯಿಂದ ಪಕ್ಕದವರ ಚುಂಗಿಗೆ ವೀಳ್ಯ ಹಾಕಿದರು.

ದೊಡ್ಡಪ್ಪನ ಎಡಕ್ಕೆ ಹುಡುಗಿಯ ತಂದೆ, ನನ್ನ ಭಾವ, ಕೂತಿದ್ದರು. ಲಕ್ವದಿಂದ ಇನ್ನೂ ಸುಧಾರಿಸದ ಕೈ. ಅಡಿಕೆ ಜಾರಿ ಬಿತ್ತು. ಹೆಕ್ಕಿದರು, ಎಲೆಯ ಮೇಲಿಟ್ಟರು, ಆಮೇಲೆ ಹಾಕಿದರು. ಅಲ್ಲಿಯವರೆಗೆ ದೊಡ್ಡಪ್ಪನ ಚುಂಗೊಂದೇ ಬರಿದಿತ್ತು. ಅವರ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ, ಕೈ ನೋಡಿದೆ. ಕೈ ಕದಲಲಿಲ್ಲ.

"ಆತು ಬಿಡ್ರಿ ಬೀಗ್ರ, ನಿಧಾನ," ಎಂದರು. ಇದನ್ನು ನಾನು ಕೇಳಿದ್ದೇನೆ.

ಮದುವೆಯಾಯಿತು. ದೊಡ್ಡಪ್ಪ ಈ ಬೇಸಿಗೆಯಲ್ಲಿ ತೀರಿಕೊಂಡರು. ಈಗ ಅವರ ಮಕ್ಕಳು, ಅಕ್ಕನ ಮಗಳು ತಮ್ಮ ಅಪ್ಪನಿಗೆ ಬೇಕೆಂದೇ ಕೊನೆಗೆ ವೀಳ್ಯ ಕೊಡಿಸಿದಳೆಂದು, ಅವಳು ಬಡಿಸಿದ್ದನ್ನು ಉಣ್ಣುತ್ತಿಲ್ಲ. ಒಂದೇ ಅಂಗಳದ ಮನೆಗಳು. ಅವಳ ಮುಂದೆಯೇ ತಾಟು ಸರಿಸಿ ಏಳುತ್ತಾರಂತೆ.

"ಅವರಿಗೆ ಕಂಡದ್ದು ಕಂಡಂಗ ಹೇಳ್ರಿ ಮಾಮ, ಹೆಚ್ಚಿಗಿ ಬ್ಯಾಡ," ಎಂದು ಫೋನಿನಲ್ಲಿ ಹೇಳಿದಳು. ದನಿ ಸಣ್ಣಗಾಗಿತ್ತು.

ಕೊನೆಗೆ ಬಿದ್ದದ್ದು ನಿಜ. ಯಾರೂ ಬೇಕೆಂದು ತಡ ಮಾಡಲಿಲ್ಲ, ಇದೂ ನಿಜ. ಮೊದಲನೆಯದನ್ನು ಮುಚ್ಚಿಟ್ಟರೆ ಎರಡನೆಯದನ್ನು ಯಾರೂ ನಂಬುವುದಿಲ್ಲ ಎಂಬ ಹೆದರಿಕೆಯಿಂದ ಎರಡನ್ನೂ ಬರೆದಿದ್ದೇನೆ.

ಭಾವನೂ ಈಗಿಲ್ಲ. ಕೇಳಿ ನೋಡುವುದಾದರೆ, ಕಂಡವರಲ್ಲಿ ಇನ್ನೂ ಇರುವವರು: ಹುಡುಗನ ತಂದೆ, ಅವರ ಕಡೆಯಿಂದ ಬಂದಿದ್ದ ಕುರುಗೋಡಿನ ಇಬ್ಬರು ಹಿರಿಯರು, ನಮ್ಮ ಕಡೆಯ ರೂಪನಗುಡಿಯ ಹಿರಿಯರು, ಬಾಗಿಲ ಸಂದಿಯಲ್ಲಿದ್ದ ಅಕ್ಕ ಮತ್ತು ಅವಳ ಮಗಳು, ಆಮೇಲೆ ದೊಡ್ಡಪ್ಪನ ಬಲಕ್ಕೆ ಕೂತು ಅವರ ಕೈಯಿಂದಲೇ ವೀಳ್ಯ ಪಡೆದ ದೇಶನೂರಿನ ನಮ್ಮ ಚಿಕ್ಕಪ್ಪ.